ಮುಟ್ಟಿನ ಡೇಟ್ ಇಲ್ಲದಾಗ ಬ್ಲೀಡಿಂಗ್: ಏನು ಗಮನಿಸಬೇಕು, ಯಾವಾಗ ಆಸ್ಪತ್ರೆಗೆ ಹೊರಡಬೇಕು

ಇದನ್ನು ಓದುತ್ತಿರುವಾಗಲೇ ನಿಮಗೆ ಜೋರಾಗಿ ರಕ್ತ ಹೋಗುತ್ತಿದ್ದರೆ ಮಿಕ್ಕಿದ್ದನ್ನು ಆಮೇಲೆ ಓದಿ. ಮೊದಲು ಇವುಗಳಲ್ಲಿ ಒಂದಾದರೂ ಇದೆಯಾ ನೋಡಿಕೊಳ್ಳಿ.

- ದೊಡ್ಡ ಪ್ಯಾಡ್ ಗಂಟೆಗೊಂದರಂತೆ ಪೂರ್ತಿ ನೆನೆಯುತ್ತಿದೆ, ಎರಡು ಗಂಟೆ ಕಳೆದರೂ ಕಮ್ಮಿಯಾಗಿಲ್ಲ.
- ಎದ್ದು ನಿಂತರೆ ಕಣ್ಣು ಕತ್ತಲೆ ಬರುತ್ತಿದೆ, ಎದೆ ಹೊಡೆದುಕೊಳ್ಳುತ್ತಿದೆ, ತಣ್ಣನೆಯ ಬೆವರು ಬರುತ್ತಿದೆ.
- ಗರ್ಭ ನಿಂತಿರಬಹುದು ಎಂಬ ಅನುಮಾನವಿದೆ. ರಕ್ತದ ಜೊತೆಗೆ ಕೆಳಹೊಟ್ಟೆಯಲ್ಲಿ, ಅದರಲ್ಲೂ ಒಂದೇ ಕಡೆ, ತಡೆಯಲಾರದ ನೋವಿದೆ. ಅಥವಾ ಭುಜದ ತುದಿಯಲ್ಲಿ ವಿಚಿತ್ರ ನೋವಿದೆ.
- ತುಂಬು ಗರ್ಭಿಣಿ. ನೋವಿಲ್ಲದಿದ್ದರೂ ಸರಿ, ರಕ್ತ ಕಾಣಿಸಿದೆ.
- ಹೆರಿಗೆ ಅಥವಾ ಗರ್ಭಪಾತ ಆಗಿ ಕೆಲವು ದಿನ ಅಥವಾ ವಾರಗಳಾಗಿವೆ. ಜೋರು ರಕ್ತ, ಜ್ವರ ಅಥವಾ ಕೆಟ್ಟ ವಾಸನೆ ಇದೆ.

ಒಂದಿದ್ದರೂ 108ಕ್ಕೆ ಫೋನ್ ಮಾಡಿ, ಇಲ್ಲವೇ ಸಿಕ್ಕ ಗಾಡಿಯಲ್ಲಿ ಹೊರಡಿ. ಒಬ್ಬರೇ ಹೋಗಬೇಡಿ. ಸ್ಕೂಟರ್ ನೀವೇ ಓಡಿಸಿಕೊಂಡು ಹೋಗುವ ಸಾಹಸವಂತೂ ಬೇಡ. ಬೆಳಗಾಗಲಿ, ಯಜಮಾನರು ಬರಲಿ, ಅಡುಗೆ ಮುಗಿಯಲಿ ಅಂತ ಕಾಯುವ ಹೊತ್ತಲ್ಲ ಇದು. ತುಂಬು ಗರ್ಭಿಣಿಯಾದರೆ ಸ್ಕ್ಯಾನಿಂಗ್, ಆಪರೇಷನ್ ಥಿಯೇಟರ್, ರಕ್ತದ ವ್ಯವಸ್ಥೆ ಮೂರೂ ಇರುವ ಆಸ್ಪತ್ರೆಗೇ ನೇರವಾಗಿ ಹೋಗಿ, ತಾಯಿ ಕಾರ್ಡ್ ಮರೆಯಬೇಡಿ. ಮಾಸು (ಪ್ಲಾಸೆಂಟಾ) ಕೆಳಗೆ ಕೂತಿದ್ದರೆ ನೋವೇ ಇಲ್ಲದೆ ರಕ್ತ ಬರುತ್ತದೆ. ಆದ್ದರಿಂದ ಸ್ಕ್ಯಾನಿಂಗ್ ಮಾಡಿ ಮಾಸು ಎಲ್ಲಿದೆ ಅಂತ ತಿಳಿಯುವ ಮೊದಲು ಯಾರೂ ಒಳಗೆ ಕೈ ಹಾಕಿ ಪರೀಕ್ಷೆ ಮಾಡಬಾರದು.

ಈ ಪಟ್ಟಿಯಲ್ಲಿ ನಿಮ್ಮದು ಯಾವುದೂ ಇಲ್ಲ ಅಂದರೆ ನಿಧಾನವಾಗಿ ಮುಂದಕ್ಕೆ ಓದಬಹುದು. ಡೇಟ್ ತಪ್ಪಿ ರಕ್ತ ಕಾಣಿಸಿಕೊಂಡವರಲ್ಲಿ ಹೆಚ್ಚಿನವರಿಗೆ ಅಪಾಯಕಾರಿ ಕಾಯಿಲೆ ಇರುವುದಿಲ್ಲ. ಕಾರಣ ಗೊತ್ತಾಗದೆ ಕೂರುವುದೇ ತೊಂದರೆ.

ಮಾಮೂಲಿ ಅಂದರೆ ಎಷ್ಟು?

28 ದಿನಕ್ಕೆ ಸರಿಯಾಗಿ ಆಗಬೇಕು ಅಂತ ಎಲ್ಲರೂ ಶಾಲೆಯಲ್ಲಿ ಕಲಿತಿರುತ್ತೇವೆ. ಅಷ್ಟು ಕರಾರುವಾಕ್ಕಾಗಿ ಆಗುವವರು ಕಮ್ಮಿ. ಒಂದು ಮುಟ್ಟಿನ ಮೊದಲ ದಿನದಿಂದ ಮುಂದಿನ ಮುಟ್ಟಿನ ಮೊದಲ ದಿನದವರೆಗೆ ಎಣಿಸಿದರೆ 24ರಿಂದ 38 ದಿನ ಆಗುವುದನ್ನು ಡಾಕ್ಟರುಗಳು ಸಾಮಾನ್ಯ ಅಂತಲೇ ಪರಿಗಣಿಸುತ್ತಾರೆ. ರಕ್ತ ಹೋಗುವುದು 8 ದಿನ ಮೀರಬಾರದು. ಒಂದು ತಿಂಗಳಿಗೂ ಇನ್ನೊಂದು ತಿಂಗಳಿಗೂ ವಾರದಷ್ಟು ಹಿಂದೆ ಮುಂದೆ ಆದರೆ ತಲೆ ಕೆಡಿಸಿಕೊಳ್ಳಬೇಕಿಲ್ಲ.

ಎಣಿಸುವಾಗ ತುಂಬಾ ಜನ ಒಂದು ಕಡೆ ಎಡವುತ್ತಾರೆ. ಮುಟ್ಟು ನಿಂತ ದಿನದಿಂದ ಎಣಿಸಲು ಶುರು ಮಾಡುತ್ತಾರೆ. ಆಗ 28 ದಿನದ ಮುಟ್ಟು 23 ದಿನದ್ದಾಗಿ ಕಾಣುತ್ತದೆ, ಸುಮ್ನೆ ಗಾಬರಿ. ಮೊದಲ ದಿನದಿಂದಲೇ ಎಣಿಸಿ.

ಜಾಸ್ತಿ ರಕ್ತ ಅಂದರೆ ಎಷ್ಟು ಅನ್ನುವುದಕ್ಕೆ ಪುಸ್ತಕದ ಲೆಕ್ಕ ಒಂದು ಮುಟ್ಟಿಗೆ ಒಟ್ಟು 80 ಮಿಲಿಲೀಟರ್. ಮನೆಯಲ್ಲಿ ಯಾರು ಅಳೆಯುತ್ತಾರೆ? ಮುಟ್ಟಿನ ಕಪ್ ಬಳಸುವವರಿಗೆ ಮಾತ್ರ ಇದು ಸುಲಭ. ಎಷ್ಟೋ ಕಪ್‌ಗಳ ಮೇಲೆ ಅಳತೆಯ ಗೆರೆ ಇರುತ್ತದೆ. ಮಿಕ್ಕವರು ಹೀಗೆ ಕೇಳಿಕೊಳ್ಳಿ. ಪ್ಯಾಡ್ ಬದಲಿಸಲು ರಾತ್ರಿ ಏಳಬೇಕಾಗುತ್ತಾ? ಒಂದರ ಮೇಲೊಂದು ಎರಡು ಪ್ಯಾಡ್ ಇಟ್ಟುಕೊಳ್ಳಬೇಕಾ? 10 ರೂಪಾಯಿ ನಾಣ್ಯದಷ್ಟು ದೊಡ್ಡ ಹೆಪ್ಪು ಬೀಳುತ್ತಾ? ಬಸ್ಸಿನಲ್ಲಿ ಕೂತು ಎದ್ದಾಗ ಸೀಟು ನೋಡಿಕೊಳ್ಳುವ ಭಯ ಪ್ರತಿ ತಿಂಗಳೂ ಇದೆಯಾ? ಹೌದು ಅಂತಾದರೆ ಅದು ಜಾಸ್ತಿಯೇ. ನಮ್ಮಮ್ಮನಿಗೂ ಹೀಗೇ ಇತ್ತು ಅನ್ನುವುದು ಸಮಾಧಾನ ಅಷ್ಟೇ. ಅಮ್ಮನಿಗೂ ಚಿಕಿತ್ಸೆ ಬೇಕಿತ್ತೇನೋ.

ಮೊದಲ ಕೆಲಸ: ಬರೆದಿಡಿ

"ಲಾಸ್ಟ್ ಡೇಟ್ ಯಾವಾಗಮ್ಮ?" ಅಂತ ಡಾಕ್ಟರು ಕೇಳಿದರೆ ನಮ್ಮಲ್ಲಿ ಬರುವ ಉತ್ತರ, "ಹೋದ ತಿಂಗಳು ಸಂಕಷ್ಟಿ ಹಿಂದಿನ ದಿನ ಇರಬೇಕು ಮೇಡಂ. ಅಲ್ಲ, ನಾದಿನಿ ಮನೆ ಗೃಹಪ್ರವೇಶಕ್ಕೆ ಹೋಗೋಕಾಗ್ಲಿಲ್ಲ ನೋಡಿ, ಆವಾಗ." ಅಷ್ಟರಲ್ಲಿ ನಿಮ್ಮ ಹಿಂದೆ ಕಾಯುತ್ತಿದ್ದ ಪೇಷೆಂಟ್ ಬಾಗಿಲು ತಳ್ಳಿರುತ್ತಾರೆ. ಸರ್ಕಾರಿ ಆಸ್ಪತ್ರೆಯ ಒಪಿಡಿಯಲ್ಲಿ ನಿಮಗೆ ಸಿಗುವ ಸಮಯ ಬಹಳ ಕಮ್ಮಿ. ಬರೆದ ಚೀಟಿ ಇದ್ದರೆ ಆ ಸಮಯ ನಿಮ್ಮ ಕೆಲಸಕ್ಕೆ ಬರುತ್ತದೆ.

ಅಡುಗೆಮನೆ ಗೋಡೆಯ ಕ್ಯಾಲೆಂಡರ್ ಸಾಕು. ಹಾಲಿನ ಲೆಕ್ಕ ಬರೆಯುವ ಜಾಗದಲ್ಲೇ ಇದನ್ನೂ ಬರೆಯಬಹುದು. ರಕ್ತ ಬಂದ ದಿನಕ್ಕೆ ಒಂದು ಚುಕ್ಕೆ, ಜೋರಾಗಿ ಹೋದ ದಿನಕ್ಕೆ ಎರಡು, ಬರೀ ಕಲೆ ಕಂಡ ದಿನಕ್ಕೆ ಒಂದು ಅಡ್ಡಗೆರೆ. ಪಕ್ಕದಲ್ಲಿ ಪ್ಯಾಡ್ ಎಷ್ಟು ಅಂತ ಅಂಕಿ. ಹೆಪ್ಪು ಬಿದ್ದರೆ "ಹೆ", ನೋವಿದ್ದರೆ "ನೋ". ಮನೆಯಲ್ಲಿ ಬೇರೆ ಯಾರಿಗೂ ಅರ್ಥ ಆಗದಿದ್ದರೂ ಪರವಾಗಿಲ್ಲ. ಮೂರು ತಿಂಗಳ ಹಾಳೆಗಳನ್ನು ಮೊಬೈಲಿನಲ್ಲಿ ಫೋಟೊ ತೆಗೆದುಕೊಂಡು ಹೋದರೆ, ರಕ್ತ ಪ್ರತಿ ತಿಂಗಳೂ ಬಂದು ಜಾಸ್ತಿ ಹೋಗುತ್ತಿದೆಯಾ, ತಿಂಗಳ ನಡುವೆ ಬರುತ್ತಿದೆಯಾ, ಯಾವ ಲೆಕ್ಕವೂ ಇಲ್ಲದೆ ಬರುತ್ತಿದೆಯಾ ಅನ್ನುವುದು ಡಾಕ್ಟರಿಗೆ ನೋಡಿದ ಕೂಡಲೇ ಗೊತ್ತಾಗುತ್ತದೆ. ಈ ಮೂರಕ್ಕೂ ಕಾರಣಗಳು ಬೇರೆ ಬೇರೆ. ಹಾಗಂತ ಮೂರು ತಿಂಗಳು ಬರೆದ ಮೇಲೆಯೇ ಹೋಗಬೇಕು ಅಂತೇನಿಲ್ಲ. ಎಷ್ಟು ನೆನಪಿದೆಯೋ ಅಷ್ಟನ್ನೇ ಬರೆದುಕೊಂಡು ಹೋಗಿ.

ಇನ್ನೊಂದು ಮಾತು. ರಕ್ತ ಬರುತ್ತಿರುವುದು ಯೋನಿಯಿಂದಲೇ ಅಂತ ಖಚಿತ ಮಾಡಿಕೊಳ್ಳಿ. ಮೂತ್ರದಲ್ಲಿ ಬಂದ ರಕ್ತವನ್ನೋ, ಮೂಲವ್ಯಾಧಿಯ ರಕ್ತವನ್ನೋ ಮುಟ್ಟು ಅಂದುಕೊಳ್ಳುವುದು ವಯಸ್ಸಾದವರಲ್ಲಿ ಅಪರೂಪವಲ್ಲ. ಯೋನಿಯ ಬಾಯಿಗೆ ಬಿಳಿ ಹತ್ತಿ ಬಟ್ಟೆ ಒತ್ತಿ ನೋಡಿದರೆ ಒಂದು ಅಂದಾಜು ಸಿಗುತ್ತದೆ. ಯಾವ ಕಡೆಯಿಂದ ಬಂದರೂ ತೋರಿಸಲೇಬೇಕು, ಯಾವ ಡಾಕ್ಟರಿಗೆ ಅನ್ನುವುದು ಮಾತ್ರ ಬದಲಾಗುತ್ತದೆ.

ಗರ್ಭ ಇದೆಯಾ, ಮೊದಲು ಅದನ್ನು ನೋಡಿ

ಮುಟ್ಟು ಆಗುವ ವಯಸ್ಸಿನಲ್ಲಿ, ಸಂಪರ್ಕ ಇದ್ದವರಿಗೆ, ಲೆಕ್ಕ ತಪ್ಪಿ ರಕ್ತ ಬಂದರೆ ಮಾಡಬೇಕಾದ ಮೊದಲ ಪರೀಕ್ಷೆ ಇದೇ. "ರಕ್ತ ಬಂತಲ್ಲ, ಹಾಗಾದರೆ ಗರ್ಭ ಇಲ್ಲ" ಅನ್ನುವ ನಂಬಿಕೆ ತುಂಬಾ ಗಟ್ಟಿ, ಆದರೆ ತಪ್ಪು. ಗರ್ಭ ನಿಂತ ಮೊದಲ ವಾರಗಳಲ್ಲಿ ಸ್ವಲ್ಪ ರಕ್ತ ಕಾಣುವುದುಂಟು. ಗರ್ಭಪಾತದ ಮುನ್ಸೂಚನೆಯೂ ಅದೇ. ಗರ್ಭಕೋಶದ ಬದಲು ಅಂಡನಾಳದಲ್ಲಿ ಗರ್ಭ ನಿಂತಿದ್ದರೂ ಹಾಗೇ ಕಾಣುತ್ತದೆ. ಈ ಕೊನೆಯದು ನಾಳ ಒಡೆದರೆ ಜೀವಕ್ಕೇ ಅಪಾಯ. ಸಾಮಾನ್ಯವಾಗಿ ಕೊನೆಯ ಮುಟ್ಟಿನಿಂದ 6ರಿಂದ 8 ವಾರದ ಹೊತ್ತಿಗೆ ಇದರ ತೊಂದರೆ ಶುರುವಾಗುತ್ತದೆ. ಹೊರಗೆ ಕಾಣುವ ರಕ್ತ ಸ್ವಲ್ಪವೇ ಇರಬಹುದು, ಹೊಟ್ಟೆಯೊಳಗೆ ಸುರಿಯುತ್ತಿರುತ್ತದೆ. ಹೊಟ್ಟೆಯೊಳಗಿನ ರಕ್ತ ಮೇಲಿನ ನರಗಳನ್ನು ಕೆಣಕುವುದರಿಂದಲೇ ಭುಜ ನೋಯುವುದು.

ಮೆಡಿಕಲ್ ಶಾಪಿನಲ್ಲಿ ಕಿಟ್ ಸಿಗುತ್ತದೆ. ಆಶಾ ಕಾರ್ಯಕರ್ತೆಯರ ಹತ್ತಿರ "ನಿಶ್ಚಯ್" ಕಿಟ್ ಉಚಿತವಾಗಿಯೇ ಇರುತ್ತದೆ. ಬೆಳಗಿನ ಮೊದಲ ಮೂತ್ರದಲ್ಲಿ ನೋಡಿ. ಎರಡನೇ ಗೆರೆ ಮಸುಕಾಗಿದ್ದರೂ ಅದು ಗೆರೆಯೇ. ಗೆರೆ ಬಾರದೆ ಅನುಮಾನ ಉಳಿದರೆ ಒಂದು ವಾರ ಬಿಟ್ಟು ಮತ್ತೆ ನೋಡಿ, ಇಲ್ಲವೇ ರಕ್ತದಲ್ಲಿ ಮಾಡಿಸಿ. ನೋವಿದ್ದರೆ ಆ ಒಂದು ವಾರ ಕಾಯುವುದು ಬೇಡ.

"ನನಗೆ ಆಪರೇಷನ್ ಆಗಿದೆ" ಅಂತ ಪರೀಕ್ಷೆಯನ್ನೇ ಬಿಡುವವರು ನಮ್ಮಲ್ಲಿ ಜಾಸ್ತಿ. ಕರ್ನಾಟಕದ ವಿವಾಹಿತ ಮಹಿಳೆಯರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಸಂತಾನಹರಣ ಚಿಕಿತ್ಸೆ ಮಾಡಿಸಿಕೊಂಡವರು. ಆ ಆಪರೇಷನ್ ಅಪರೂಪಕ್ಕೆ ಕೈಕೊಡುತ್ತದೆ. ಕೈಕೊಟ್ಟಾಗ ಗರ್ಭ ನಾಳದಲ್ಲೇ ನಿಲ್ಲುವ ಸಂಭವ ಹೆಚ್ಚು. ವಂಕಿ (ಕಾಪರ್-ಟಿ ಥರದ್ದು) ಹಾಕಿಸಿಕೊಂಡವರಿಗೂ ಇದೇ ಮಾತು. ಹಾಗಾಗಿ ಡೇಟ್ ಮುಂದೆ ಹೋಗಿ ಆಮೇಲೆ ಸ್ವಲ್ಪ ಸ್ವಲ್ಪ ರಕ್ತ, ಹೊಟ್ಟೆನೋವು ಅಂದರೆ ಆಪರೇಷನ್ ಆಗಿದ್ದರೂ ಕಿಟ್ ಹಾಕಿ ನೋಡಿ.

ಗರ್ಭಿಣಿ ಅಂತ ಗೊತ್ತಾಗಿ ರಕ್ತ ಬರುತ್ತಿದ್ದರೆ ಅವತ್ತೇ ಡಾಕ್ಟರನ್ನು ನೋಡಿ. ನಿಮ್ಮ ರಕ್ತದ ಗುಂಪು ನೆಗೆಟಿವ್ ಆಗಿದ್ದರೆ ಅದನ್ನು ಹೋದ ಕೂಡಲೇ ಹೇಳಿ. ಆಂಟಿ-ಡಿ ಇಂಜೆಕ್ಷನ್ ಬೇಕಾಗಬಹುದು, ಅದನ್ನು 72 ಗಂಟೆಯೊಳಗೆ ಕೊಡಬೇಕು.

ಗರ್ಭಪಾತದ ಮಾತ್ರೆಯನ್ನು ಯಾರಿಗೂ ಹೇಳದೆ ಅಂಗಡಿಯಿಂದ ತರಿಸಿ ನುಂಗಿ, ವಾರಗಟ್ಟಲೆ ರಕ್ತ ಹೋದರೂ ಸುಮ್ಮನಿರುವವರು ಇದ್ದಾರೆ. ಒಳಗೆ ಚೂರು ಉಳಿದಿರಬಹುದು, ಸೋಂಕು ಆಗಬಹುದು. ಎಲ್ಲಕ್ಕಿಂತ ಕಷ್ಟದ್ದೆಂದರೆ, ಗರ್ಭ ನಾಳದಲ್ಲಿದ್ದರೆ ಆ ಮಾತ್ರೆ ಕೆಲಸವೇ ಮಾಡುವುದಿಲ್ಲ. ನುಂಗಿದ್ದರೆ ನುಂಗಿದ್ದೇನೆ ಅಂತ ಡಾಕ್ಟರಿಗೆ ನೇರವಾಗಿ ಹೇಳಿ. ವಿಷಯವನ್ನು ಗುಟ್ಟಾಗಿಡಬೇಕು ಅಂತ ಕಾನೂನೇ ಹೇಳುತ್ತದೆ. 18 ತುಂಬಿದವರ ಗರ್ಭಪಾತಕ್ಕೆ ಅವರೊಬ್ಬರ ಒಪ್ಪಿಗೆ ಸಾಕು, ಗಂಡನ ಸಹಿ ಬೇಕಿಲ್ಲ. ಮದುವೆ ಆಗಿರಲೇಬೇಕು ಅಂತಲೂ ಇಲ್ಲ.

ಮಾತ್ರೆ, ಇಂಜೆಕ್ಷನ್, ವಂಕಿ

ಗರ್ಭ ಇಲ್ಲ ಅಂತಾದ ಮೇಲೆ, ಕಳೆದ ಮೂರು ತಿಂಗಳಲ್ಲಿ ದೇಹದೊಳಕ್ಕೆ ಏನೇನು ಹೋಗಿದೆ ಅಂತ ನೆನಪು ಮಾಡಿಕೊಳ್ಳಿ. ಎಷ್ಟೋ ಸಲ ಉತ್ತರ ಇಲ್ಲೇ ಸಿಗುತ್ತದೆ.

ವರಮಹಾಲಕ್ಷ್ಮಿ ಹಬ್ಬ, ಮದುವೆ, ಯಾತ್ರೆ ಬಂತೆಂದರೆ ಮುಟ್ಟು ಮುಂದೂಡುವ ಮಾತ್ರೆ ನುಂಗುವುದು ಮನೆಮನೆಯ ಕಥೆ. ಅದು ಹಾರ್ಮೋನ್ ಮಾತ್ರೆ. ನಿಲ್ಲಿಸಿದ ಎರಡು ಮೂರು ದಿನಕ್ಕೆ ರಕ್ತ ಬರುತ್ತದೆ, ಒಮ್ಮೊಮ್ಮೆ ಜೋರಾಗಿಯೇ ಬರುತ್ತದೆ. ಮುಂದಿನ ತಿಂಗಳ ಲೆಕ್ಕವೂ ಏರುಪೇರಾಗಬಹುದು. ಒಮ್ಮೆ ಆದರೆ ಗಾಬರಿ ಬೇಡ. ಆದರೆ ಶ್ರಾವಣದಲ್ಲೊಮ್ಮೆ, ದಸರಾಕ್ಕೊಮ್ಮೆ, ದೀಪಾವಳಿಗೊಮ್ಮೆ ಅಂತ ಅಂಗಡಿಯವರ ಮಾತಿನ ಮೇಲೆ ನುಂಗುತ್ತಾ ಹೋದರೆ ಯಾವುದು ಮಾತ್ರೆಯಿಂದ, ಯಾವುದು ಕಾಯಿಲೆಯಿಂದ ಅಂತ ಡಾಕ್ಟರಿಗೂ ತಿಳಿಯದ ಹಾಗಾಗುತ್ತದೆ. ಕಾಲಿನ ರಕ್ತನಾಳದಲ್ಲಿ ಹಿಂದೆ ರಕ್ತ ಹೆಪ್ಪುಗಟ್ಟಿದ್ದವರು ಇದನ್ನು ಡಾಕ್ಟರನ್ನು ಕೇಳದೆ ಮುಟ್ಟಲೇಬಾರದು.

ತುರ್ತು ಗರ್ಭನಿರೋಧಕ ಮಾತ್ರೆ ತೆಗೆದುಕೊಂಡ ತಿಂಗಳಲ್ಲಿ ನಡುವೆ ಕಲೆ ಕಾಣುವುದು, ಡೇಟ್ ವಾರ ಹಿಂದೆ ಮುಂದೆ ಆಗುವುದು ಸಾಮಾನ್ಯ. ವಾರಕ್ಕಿಂತ ಜಾಸ್ತಿ ತಡವಾದರೆ ಕಿಟ್ ಹಾಕಿ. ದಿನಾ ನುಂಗುವ ಗರ್ಭನಿರೋಧಕ ಮಾತ್ರೆಯಲ್ಲಿ ಮೊದಲ ಮೂರು ತಿಂಗಳು ಅಲ್ಪಸ್ವಲ್ಪ ಕಲೆ ಇರುತ್ತದೆ, ಮಾತ್ರೆ ಮರೆತರೂ ಬರುತ್ತದೆ. ಸರ್ಕಾರಿ ಆಸ್ಪತ್ರೆಯಲ್ಲಿ ಮೂರು ತಿಂಗಳಿಗೊಮ್ಮೆ ಕೊಡುವ "ಅಂತರಾ" ಗರ್ಭನಿರೋಧಕ ಇಂಜೆಕ್ಷನ್ನಿನಲ್ಲಂತೂ ಶುರುವಿನಲ್ಲಿ ಲೆಕ್ಕವಿಲ್ಲದ ಕಲೆ, ಆಮೇಲೆ ಮುಟ್ಟೇ ನಿಂತಂತೆ ಆಗುವುದು, ಎರಡೂ ಮಾಮೂಲಿ. "ಛಾಯಾ" ಗರ್ಭನಿರೋಧಕ ಮಾತ್ರೆಯಲ್ಲಿ ಮುಟ್ಟು ಮುಂದಕ್ಕೆ ಹೋಗುವುದು ಜಾಸ್ತಿ. ಕಾಪರ್-ಟಿ ಹಾಕಿಸಿಕೊಂಡ ಮೊದಲ ಮೂರರಿಂದ ಆರು ತಿಂಗಳು ರಕ್ತವೂ ನೋವೂ ಹೆಚ್ಚಿರುತ್ತದೆ. ಇವೆಲ್ಲ ಕೊಡುವಾಗಲೇ ಹೇಳಬೇಕಾದ ಮಾತುಗಳು. ಯಾರೂ ಹೇಳದೇ ಇರುವುದರಿಂದ ಹೆಂಗಸರು ಹೆದರಿ ಅರ್ಧಕ್ಕೆ ಬಿಡುತ್ತಾರೆ. ಆರು ತಿಂಗಳಾದರೂ ಸರಿಹೋಗದಿದ್ದರೆ, ಇಲ್ಲವೇ ಚೆನ್ನಾಗಿದ್ದದ್ದು ಇದ್ದಕ್ಕಿದ್ದಂತೆ ಕೆಟ್ಟರೆ ತೋರಿಸಿ.

ರಕ್ತ ತೆಳುವಾಗಲು ಮಾತ್ರೆ ತೆಗೆದುಕೊಳ್ಳುವವರು, ಸ್ತನ ಕ್ಯಾನ್ಸರಿಗೆ ಟ್ಯಾಮಾಕ್ಸಿಫೆನ್ ನುಂಗುತ್ತಿರುವವರು ರಕ್ತ ಕಂಡರೆ ಕಾಯದೆ ತಮ್ಮ ಡಾಕ್ಟರಿಗೆ ತಿಳಿಸಬೇಕು. ಆದರೆ ತಾವಾಗಿಯೇ ಮಾತ್ರೆ ನಿಲ್ಲಿಸಬಾರದು.

ಈಗ ವಯಸ್ಸು ನೋಡಿ

ಹುಟ್ಟಿದ ಹೆಣ್ಣುಮಗುವಿಗೆ ಮೊದಲ ವಾರದಲ್ಲಿ ಒಂದೆರಡು ಹನಿ ರಕ್ತ ಬಂದರೆ ಅದು ತಾಯಿಯ ಹಾರ್ಮೋನಿನಿಂದ, ತಾನಾಗಿ ನಿಲ್ಲುತ್ತದೆ. ಅದು ಬಿಟ್ಟು 8 ವರ್ಷದೊಳಗಿನ ಹುಡುಗಿಗೆ ರಕ್ತ ಬಂದರೆ ಡಾಕ್ಟರಿಗೆ ತೋರಿಸಲೇಬೇಕು. ಪೆಟ್ಟು, ಒಳಗೆ ಸೇರಿದ ವಸ್ತು, ಯಾರೋ ಮಾಡಿದ ಕೃತ್ಯ, ಏನೂ ಇರಬಹುದು. ಮಗುವನ್ನು ಗದರಿಸದೆ ಕರೆದುಕೊಂಡು ಹೋಗಿ.

ದೊಡ್ಡವಳಾದ ಮೊದಲ ಎರಡು ಮೂರು ವರ್ಷ ಮುಟ್ಟು 21ರಿಂದ 45 ದಿನಗಳ ನಡುವೆ ಹೇಗೆ ಬೇಕಾದರೂ ಓಲಾಡುತ್ತದೆ. ಅಂಡ ಪ್ರತಿ ತಿಂಗಳೂ ಬಿಡುಗಡೆ ಆಗದಿರುವುದೇ ಕಾರಣ. ಇದಕ್ಕೆ ಔಷಧಿ ಬೇಕಿಲ್ಲ. ಆದರೆ ಮೊದಲ ಮುಟ್ಟಿನಿಂದಲೇ ಪ್ಯಾಡ್ ತುಂಬಿ ಹರಿಯುವಷ್ಟು ಹೋಗುತ್ತಿದ್ದರೆ, ಹಲ್ಲುಜ್ಜುವಾಗ ರಕ್ತ, ಸಣ್ಣ ಏಟಿಗೂ ನೀಲಿ ಗುರುತು ಅಂತ ಇದ್ದರೆ, ರಕ್ತ ಹೆಪ್ಪುಗಟ್ಟುವುದರಲ್ಲೇ ದೋಷ ಇರಬಹುದು. ಅದಕ್ಕೆ ಬೇರೆಯೇ ರಕ್ತಪರೀಕ್ಷೆ ಇದೆ. ಮದುವೆಯಾದರೆ ಸರಿಹೋಗುತ್ತದೆ ಅನ್ನುವ ಅಜ್ಜಿಮಾತಿನಿಂದ ಅದು ಸರಿಹೋಗುವುದಿಲ್ಲ.

ಇಪ್ಪತ್ತರಿಂದ ನಲವತ್ತರವರೆಗೆ ಪಿಸಿಒಎಸ್ (ಹಾರ್ಮೋನ್ ಏರುಪೇರಾಗಿ ಅಂಡ ಸರಿಯಾಗಿ ಬಿಡುಗಡೆ ಆಗದಿರುವುದು), ಥೈರಾಯ್ಡ್, ಗರ್ಭಕೋಶದೊಳಗಿನ ಪಾಲಿಪ್ (ಒಳಪದರದಿಂದ ಬೆಳೆದ ಸಣ್ಣ ಗಂಟು), ಫೈಬ್ರಾಯ್ಡ್ ಗಡ್ಡೆ, ಸೋಂಕು ಇವು ಸಾಮಾನ್ಯ. ಪಿಸಿಒಎಸ್ ಇರುವವರು ಒಂದು ವಿಷಯ ಗಮನಿಸಬೇಕು. ಮೂರು ತಿಂಗಳಾದರೂ ಮುಟ್ಟಾಗಲಿಲ್ಲ ಅಂದರೆ ನಿರಾಳ ಅನ್ನಿಸಬಹುದು. ಒಳಗೆ ಗರ್ಭಕೋಶದ ಪದರ ಮಾತ್ರ ದಪ್ಪವಾಗುತ್ತಲೇ ಇರುತ್ತದೆ. ಕೊನೆಗೊಂದು ದಿನ ಬಂದಾಗ ನಿಲ್ಲುವುದೇ ಇಲ್ಲ. ವರ್ಷಗಟ್ಟಲೆ ಹೀಗೇ ಬಿಟ್ಟರೆ ಆ ಪದರದಲ್ಲಿ ಕ್ಯಾನ್ಸರ್ ಬರುವ ಸಾಧ್ಯತೆಯೂ ಹೆಚ್ಚುತ್ತದೆ. ಆದ್ದರಿಂದ ಮೂರು ತಿಂಗಳಿಗಿಂತ ಜಾಸ್ತಿ ಬಿಡುವು ಬೇಡ, ಡಾಕ್ಟರನ್ನು ನೋಡಿ.

ನಲವತ್ತು ದಾಟಿದವರದ್ದೇ ನನಗೆ ಎಲ್ಲಕ್ಕಿಂತ ಚಿಂತೆ. ಇಲ್ಲಿ ಒಂದು ಮಾತು ಎಲ್ಲ ಮನೆಯಲ್ಲೂ ಸಿದ್ಧವಾಗಿರುತ್ತದೆ: "ನಿಲ್ಲೋ ಕಾಲ ಕಣೇ, ಹೀಗೇ ಆಗುತ್ತೆ, ನಂಗೂ ಆಗಿತ್ತು." ಅಕ್ಕ, ಅತ್ತಿಗೆ, ಪಕ್ಕದ ಮನೆಯವರು ಎಲ್ಲರೂ ಪ್ರೀತಿಯಿಂದಲೇ ಹೇಳುತ್ತಾರೆ. ಅರ್ಧ ನಿಜವೂ ಹೌದು. ಮುಟ್ಟು ನಿಲ್ಲುವ ಮುಂಚಿನ ವರ್ಷಗಳಲ್ಲಿ ತಿಂಗಳು ತಪ್ಪುತ್ತದೆ, ಅಂತರ ಹೆಚ್ಚುತ್ತದೆ, ಕೆಲವರಿಗೆ ರಕ್ತ ಕಮ್ಮಿಯಾಗುತ್ತಾ ಹೋಗುತ್ತದೆ. ಹದಿನೈದು ದಿನಕ್ಕೊಮ್ಮೆ ಬರುವುದು, ಹತ್ತು ಹನ್ನೆರಡು ದಿನ ಹೋಗುವುದು, ಹೆಪ್ಪು ಬೀಳುವುದು, ನಡುವೆ ನಡುವೆ ಕಲೆ ಕಾಣುವುದು ಮಾತ್ರ "ನಿಲ್ಲೋ ಕಾಲ" ಅಂತ ಸುಮ್ಮನಿರುವ ವಿಷಯವಲ್ಲ. 45 ದಾಟಿದವರಿಗೆ ಹೀಗಾದರೆ ಗರ್ಭಕೋಶದ ಪದರದಿಂದ ಚೂರು ತೆಗೆದು ಪರೀಕ್ಷೆ (ಬಯಾಪ್ಸಿ) ಮಾಡುವುದು ವಾಡಿಕೆ. ತೂಕ ಜಾಸ್ತಿ ಇದ್ದು, ಶುಗರ್ ಇದ್ದರೆ ಇನ್ನೂ ಮುಖ್ಯ.

ಮುಟ್ಟು ನಿಂತು ಒಂದು ವರ್ಷ ಪೂರ್ತಿ ಆದ ಮೇಲೆ ಒಂದು ಹನಿ ಕಂಡರೂ ಡಾಕ್ಟರಿಗೆ ತೋರಿಸಬೇಕು. ಗುಲಾಬಿ ಬಣ್ಣದ ನೀರು, ಕಂದು ಕಲೆ, ಎಲ್ಲವೂ ಲೆಕ್ಕಕ್ಕೆ ಬರುತ್ತದೆ. "ಮತ್ತೆ ಮುಟ್ಟಾದೆ" ಅಂತ ಖುಷಿಪಟ್ಟ ಅಜ್ಜಿಯಂದಿರೂ ಇದ್ದಾರೆ, "ಉಷ್ಣ" ಅಂತ ಎಳನೀರು ಕುಡಿದು ಕೂತವರೂ ಇದ್ದಾರೆ. ಹೀಗೆ ರಕ್ತ ಕಂಡ ಹತ್ತು ಜನರಲ್ಲಿ ಸುಮಾರು ಒಂಬತ್ತು ಮಂದಿಗೆ ಕ್ಯಾನ್ಸರ್ ಇರುವುದಿಲ್ಲ. ಯೋನಿಯ ಒಳಚರ್ಮ ಒಣಗಿ ತೆಳುವಾಗಿರುವುದೇ ಹೆಚ್ಚಿನವರ ಕಾರಣ, ಅದಕ್ಕೆ ಹಚ್ಚುವ ಕ್ರೀಮ್ ಇದೆ. ಹತ್ತನೆಯವರ ವಿಷಯದಲ್ಲಿ ಮಾತ್ರ ಬೇಗ ಬಂದರೆ ಪೂರ್ತಿ ಗುಣ ಮಾಡುವ ಅವಕಾಶ ತುಂಬಾ ಚೆನ್ನಾಗಿರುತ್ತದೆ. ಗರ್ಭಕೋಶದ ಪದರದ ಕ್ಯಾನ್ಸರಿನ ಒಳ್ಳೆಯ ಗುಣ ಅಂತ ಇದ್ದರೆ ಇದೊಂದೇ, ಶುರುವಿನಲ್ಲೇ ರಕ್ತ ತೋರಿಸಿ ಎಚ್ಚರಿಸುತ್ತದೆ.

ಸೇರಿದ ಮೇಲೆ ರಕ್ತ ಬಂದರೆ

ಹೇಳಿಕೊಳ್ಳಲು ನಾಚಿಕೆ ಪಡುವ ಲಕ್ಷಣ ಇದು. ಗಂಡ ಹೆಂಡತಿ ಸೇರಿದ ಮೇಲೆ ಮತ್ತೆ ಮತ್ತೆ ರಕ್ತ ಬರುತ್ತಿದ್ದರೆ ನೋಡಬೇಕಾದದ್ದು ಗರ್ಭಕೋಶದ ಬಾಯಿಯನ್ನು. ಸೋಂಕು ಅಥವಾ ಪಾಲಿಪ್ ಇರಬಹುದು. ಗರ್ಭಕೋಶದ ಬಾಯಿಯ ಕ್ಯಾನ್ಸರ್ ಇಲ್ಲ ಅಂತಲೂ ಖಚಿತ ಮಾಡಿಕೊಳ್ಳಬೇಕು. ಭಾರತದ ಹೆಂಗಸರಲ್ಲಿ ಸ್ತನ ಕ್ಯಾನ್ಸರ್ ಬಿಟ್ಟರೆ ಹೆಚ್ಚು ಕಾಣುವುದು ಇದೇ. ಕೆಟ್ಟ ವಾಸನೆಯ, ರಕ್ತ ಬೆರೆತ ಬಿಳಿಸೆರಗು ಇದ್ದರೆ ತಡ ಬೇಡ.

ಹೊಟ್ಟೆಯ ಮೇಲಿಂದ ಮಾಡುವ ಸ್ಕ್ಯಾನಿಂಗಿನಲ್ಲಿ ಇದು ಶುರುವಿನಲ್ಲಿ ಕಾಣುವುದಿಲ್ಲ. "ಸ್ಕ್ಯಾನಿಂಗ್ ನಾರ್ಮಲ್ ಬಂತು" ಅಂತ ಮನೆಗೆ ಬಂದು ಕೂರಬೇಡಿ. ಡಾಕ್ಟರು ಸಣ್ಣ ಉಪಕರಣ ಇಟ್ಟು ಕಣ್ಣಾರೆ ನೋಡಬೇಕು. ವಿನೆಗರಿನಂಥ ದ್ರಾವಣ ಹಚ್ಚಿ ಬಿಳಿ ಕಲೆ ಏಳುತ್ತದಾ ಅಂತ ನೋಡುವ ಪರೀಕ್ಷೆ ಕೆಲವೇ ನಿಮಿಷದ್ದು, 30ರಿಂದ 65 ವರ್ಷದವರಿಗೆ ಸರ್ಕಾರಿ ಕಾರ್ಯಕ್ರಮದಲ್ಲಿ ಐದು ವರ್ಷಕ್ಕೊಮ್ಮೆ ಉಚಿತ. ಗರ್ಭಕೋಶದ ಬಾಯಿಯ ಜೀವಕೋಶಗಳನ್ನು ನೋಡುವ ಪ್ಯಾಪ್ ಪರೀಕ್ಷೆ, ಈ ಕ್ಯಾನ್ಸರ್ ತರುವ ವೈರಸ್ ಇದೆಯಾ ಅಂತ ನೋಡುವ ಎಚ್‌ಪಿವಿ ಪರೀಕ್ಷೆಯೂ ಇವೆ. ಯಾವ ತೊಂದರೆ ಇಲ್ಲದಿದ್ದರೂ ಮಾಡಿಸಿಕೊಳ್ಳಬೇಕಾದವು ಇವು.

ಎಷ್ಟು ಕಾಯಬಹುದು?

ಒಂದೇ ತಿಂಗಳು ಏರುಪೇರಾಗಿ, ನೋವಿಲ್ಲದೆ, ಸುಸ್ತಿಲ್ಲದೆ, ಗರ್ಭವೂ ಇಲ್ಲ ಅಂತಾದರೆ ಮುಂದಿನ ಮುಟ್ಟಿನವರೆಗೆ ನೋಡಬಹುದು. ಜ್ವರ ಬಂದು ಹೋದ ತಿಂಗಳು, ಪರೀಕ್ಷೆ, ನಿದ್ದೆಗೆಟ್ಟ ಓಡಾಟ, ಒಮ್ಮೆಲೇ ತೂಕ ಇಳಿಸಿದ್ದು, ಇವೆಲ್ಲ ಒಂದು ತಿಂಗಳ ಲೆಕ್ಕ ತಪ್ಪಿಸಬಲ್ಲವು. ಎರಡು ಮೂರು ತಿಂಗಳು ಹಾಗೇ ಮುಂದುವರಿದರೆ, ಪ್ರತಿಸಲ ಎಂಟು ದಿನ ಮೀರಿದರೆ, ನಡುವೆ ನಡುವೆ ರಕ್ತ ಕಂಡರೆ ಡಾಕ್ಟರ ಹತ್ತಿರ ಹೋಗಿ. ಸೇರಿದ ಮೇಲಿನ ರಕ್ತ, ಮುಟ್ಟು ನಿಂತ ಮೇಲಿನ ರಕ್ತ ಇವಕ್ಕೆ ತಿಂಗಳ ಲೆಕ್ಕ ಇಲ್ಲ, ಅದೇ ವಾರ ಹೋಗಿ.

ಕಾಯುವ ಹೊತ್ತಿನಲ್ಲಿ ನೋವಿಗೆ ಪ್ಯಾರಾಸಿಟಮಾಲ್ ಸಾಕು, ಆಸ್ಪಿರಿನ್ ಬೇಡ, ಅದು ರಕ್ತವನ್ನು ಹೆಚ್ಚಿಸುತ್ತದೆ. ರಕ್ತ ನಿಲ್ಲಿಸುವ ಮಾತ್ರೆಯನ್ನು ಅಂಗಡಿಯಲ್ಲಿ ಕೇಳಿ ತಂದು ನುಂಗಬೇಡಿ. ಅದು ಒಳ್ಳೆಯ ಔಷಧಿಯೇ. ಆದರೆ ಕಾರಣ ನೋಡದೆ ನುಂಗಿದರೆ ರಕ್ತ ನಿಂತು ಕಾಯಿಲೆ ಹಾಗೇ ಉಳಿಯುತ್ತದೆ.

ಸುಸ್ತನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಮೆಟ್ಟಿಲು ಹತ್ತಿದರೆ ಏದುಸಿರು, ಕೂದಲು ಉದುರುವುದು, ಅಕ್ಕಿ ಅಥವಾ ಮಣ್ಣು ತಿನ್ನಬೇಕು ಅನ್ನಿಸುವುದು ಇವೆಲ್ಲ ರಕ್ತಹೀನತೆಯ ಗುರುತು. ಹೆಂಗಸರಿಗೆ ಹಿಮೋಗ್ಲೋಬಿನ್ 12 ಇರಬೇಕು. ಎಂಟಕ್ಕೆ ಇಳಿದರೂ ಮನೆಗೆಲಸ ಮಾಡಿಕೊಂಡೇ ಇರುವವರನ್ನು ಯಾವ ಲ್ಯಾಬಿನಲ್ಲೂ ಕಾಣಬಹುದು. ನಿಧಾನವಾಗಿ ಇಳಿದಾಗ ದೇಹ ಹೊಂದಿಕೊಂಡುಬಿಡುತ್ತದೆ. ಕಬ್ಬಿಣಾಂಶದ ಮಾತ್ರೆ ಕೊಟ್ಟರೆ ಕಾಫಿ ಟೀ ಜೊತೆ ನುಂಗಬೇಡಿ, ನಿಂಬೆಹಣ್ಣಿನ ಪಾನಕದ ಜೊತೆ ಒಳ್ಳೆಯದು. ಮಲ ಕಪ್ಪಗಾದರೆ ಹೆದರಬೇಡಿ.

ಡಾಕ್ಟರ ರೂಮಿನಲ್ಲಿ

"ಮದುವೆ ಆಗಿದೆಯಾ?" ಅಂತ ಕೇಳುತ್ತಾರೆ. ನಿಜವಾಗಿ ಕೇಳುತ್ತಿರುವುದು ಸಂಪರ್ಕ ಆಗಿದೆಯಾ ಅಂತ. ಡಾಕ್ಟರುಗಳು ನೇರವಾಗಿ ಕೇಳಿದ್ದರೆ ಎಷ್ಟು ಚೆನ್ನಾಗಿತ್ತು! ಮದುವೆ ಆಗದೆ ಸಂಪರ್ಕ ಇದ್ದರೆ ಆ ಮಾತನ್ನು ಹೇಳಲೇಬೇಕು, ಇಲ್ಲದಿದ್ದರೆ ಗರ್ಭದ ಪರೀಕ್ಷೆಯನ್ನೇ ಬಿಟ್ಟುಬಿಡುತ್ತಾರೆ. ಅಮ್ಮ ಜೊತೆಗಿದ್ದರೆ "ಡಾಕ್ಟ್ರೇ, ಒಂದು ನಿಮಿಷ ಒಬ್ಬಳೇ ಮಾತಾಡ್ಬೇಕು" ಅನ್ನಿ.

ಸಂಪರ್ಕ ಇಲ್ಲದ ಹುಡುಗಿಯರಿಗೆ ಸಾಮಾನ್ಯವಾಗಿ ಒಳಪರೀಕ್ಷೆ ಮಾಡುವುದಿಲ್ಲ. ನೀರು ಕುಡಿದು, ಮೂತ್ರ ತಡೆದುಕೊಂಡು ಹೊಟ್ಟೆ ಮೇಲಿಂದ ಸ್ಕ್ಯಾನಿಂಗ್ ಮಾಡಿಸಿದರೆ ಸಾಕು. ಬೇರೆಯವರಿಗೆ ಒಳಗಿನಿಂದ ಮಾಡುವ ಸ್ಕ್ಯಾನಿಂಗಿನಲ್ಲಿ ಚೆನ್ನಾಗಿ ಕಾಣುತ್ತದೆ, ಅದಕ್ಕೆ ಮೂತ್ರ ಮಾಡಿ ಬರಬೇಕು. ಡಾಕ್ಟರು ಗಂಡಸಾಗಿದ್ದರೆ ಪಕ್ಕದಲ್ಲಿ ನರ್ಸ್ ಇರಬೇಕು ಅಂತ ಕೇಳುವುದು ನಿಮ್ಮ ಹಕ್ಕು. ರಕ್ತ ಹೋಗುತ್ತಿರುವಾಗ ಹೋಗಬಾರದು ಅಂತ ಕಾಯಬೇಡಿ, ಅವರಿಗೆ ಇದು ದಿನನಿತ್ಯದ ಕೆಲಸ.

ಸಾಮಾನ್ಯವಾಗಿ ಬರೆದುಕೊಡುವುದು ಗರ್ಭದ ಪರೀಕ್ಷೆ, ಹಿಮೋಗ್ಲೋಬಿನ್ ಸೇರಿದ ರಕ್ತಪರೀಕ್ಷೆ, ಥೈರಾಯ್ಡ್, ಸ್ಕ್ಯಾನಿಂಗ್. ಬೇಕಾದರೆ ಮಾತ್ರ ಉಳಿದವು. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ಶುರು ಮಾಡಬಹುದು. ಸ್ತ್ರೀರೋಗ ತಜ್ಞರು ಬೇಕೆಂದರೆ ತಾಲ್ಲೂಕು ಆಸ್ಪತ್ರೆ, ಅದಕ್ಕೂ ಮೇಲೆ ಬೆಂಗಳೂರಿನ ವಾಣಿ ವಿಲಾಸ, ಮೈಸೂರಿನ ಚೆಲುವಾಂಬ, ಮಂಗಳೂರಿನ ಲೇಡಿಗೋಷನ್ ಥರದ ದೊಡ್ಡ ಸರ್ಕಾರಿ ಆಸ್ಪತ್ರೆಗಳಿವೆ. ಕ್ಯಾನ್ಸರ್ ಅನುಮಾನ ಇದ್ದರೆ ಬೆಂಗಳೂರಿನ ಕಿದ್ವಾಯಿ.

"ಗರ್ಭಕೋಶ ತೆಗೆಸಿಬಿಡಿ" ಅಂದಾಗ

ಮಕ್ಕಳಾಗಿವೆ, ಇನ್ನೇಕೆ ಈ ಕಾಟ ಅಂತ ಮೊದಲ ಭೇಟಿಯಲ್ಲೇ ಆಪರೇಷನ್ನಿಗೆ ಡೇಟ್ ಕೊಡುವವರಿದ್ದಾರೆ. ಕೆಲವರಿಗೆ ಅದು ನಿಜವಾಗಿಯೂ ಬೇಕು: ಕ್ಯಾನ್ಸರ್ ಇದ್ದರೆ, ದೊಡ್ಡ ಗಡ್ಡೆಗಳಿದ್ದರೆ, ಬೇರೆಲ್ಲ ಮಾಡಿಯೂ ರಕ್ತ ನಿಲ್ಲದಿದ್ದರೆ. ಆದರೆ ಬೇಡದವರಿಗೂ ತೆಗೆದದ್ದು ಎಷ್ಟಾಯಿತೆಂದರೆ ವಿಷಯ ಸುಪ್ರೀಂ ಕೋರ್ಟ್‌ವರೆಗೆ ಹೋಯಿತು. ಅನಗತ್ಯ ಗರ್ಭಕೋಶ ಶಸ್ತ್ರಚಿಕಿತ್ಸೆ ತಡೆಯಲು ಕೇಂದ್ರ ಆರೋಗ್ಯ ಸಚಿವಾಲಯ 2022ರಲ್ಲಿ ಮಾರ್ಗಸೂಚಿ ಹೊರಡಿಸಿತು. ಅದನ್ನು ಮೂರು ತಿಂಗಳೊಳಗೆ ಜಾರಿಗೆ ತನ್ನಿ ಅಂತ 2023ರ ಏಪ್ರಿಲ್‌ನಲ್ಲಿ ಕೋರ್ಟ್ ಎಲ್ಲ ರಾಜ್ಯಗಳಿಗೂ ಹೇಳಿತು.

ನಿಮಗೂ ಹಾಗೆ ಹೇಳಿದರೆ ಕೇಳಬೇಕಾದದ್ದು ಇಷ್ಟು. ನನಗೆ ಇರುವ ಕಾಯಿಲೆಯ ಹೆಸರೇನು, ಬರೆದುಕೊಡಿ. ಪದರದ ಬಯಾಪ್ಸಿ ಆಗಿದೆಯಾ? ಮಾತ್ರೆಯಲ್ಲಿ ನೋಡಬಹುದಾ? ಹಾರ್ಮೋನ್ ಬಿಡುವ ವಂಕಿ ನನಗೆ ಆಗುತ್ತಾ? ಕಾಪರ್-ಟಿ ರಕ್ತ ಹೆಚ್ಚಿಸಿದರೆ ಇದು ಕಮ್ಮಿ ಮಾಡುತ್ತದೆ, ಮೊದಲ ಕೆಲವು ತಿಂಗಳು ಮಾತ್ರ ಕಲೆಗಳ ಕಾಟ ಇರುತ್ತದೆ. ಪಾಲಿಪ್ ಅಥವಾ ಗಡ್ಡೆಯನ್ನಷ್ಟೇ ತೆಗೆಯಬಹುದಾ? ಅಂಡಾಶಯ ಉಳಿಸುತ್ತೀರಾ? ಈ ಕೊನೆಯದನ್ನು ಮರೆಯದೆ ಕೇಳಿ. ಮುಟ್ಟು ನಿಲ್ಲುವ ವಯಸ್ಸಿಗೆ ಮೊದಲೇ ಎರಡೂ ಅಂಡಾಶಯ ಹೋದರೆ ಮೈ ಬಿಸಿಯೇರುವುದು, ನಿದ್ದೆಗೇಡು ಕೂಡಲೇ ಶುರುವಾಗುತ್ತವೆ, ಮೂಳೆ ಬೇಗ ಸವೆಯುತ್ತದೆ.

ರಕ್ತ ಸುರಿಯುತ್ತಿರುವ ತುರ್ತು ಇಲ್ಲದಿದ್ದರೆ ಇನ್ನೊಬ್ಬ ಡಾಕ್ಟರ ಅಭಿಪ್ರಾಯ ಕೇಳಲು ಸಮಯ ಇದ್ದೇ ಇರುತ್ತದೆ. ಹೋಗುವಾಗ ಸ್ಕ್ಯಾನಿಂಗ್ ರಿಪೋರ್ಟ್ ಕೇಳಿ ಪಡೆದುಕೊಳ್ಳಿ. ಬಯಾಪ್ಸಿ ಆಗಿದ್ದರೆ ಅದರ ರಿಪೋರ್ಟ್ ಬರಲು ಕೆಲವು ದಿನ ಹಿಡಿಯುತ್ತದೆ. ರಕ್ತ ನಿಂತಿತು ಅಂತ ಅದನ್ನು ತರಲು ಹೋಗದೆ ಇರಬೇಡಿ.